ಪರೀಕ್ಷಕನ ಕಣ್ಣು

ವಿದ್ಯಾಸಂಸ್ಥೆಗಳ ಸ್ಮರಣ ಸಂಚಿಕೆಗಳನ್ನು ತಿರುವಿದರೆ ಮೊದಲು ಕಣ್ಣಿಗೆ ಬೀಳುವುದು ಭಾವಚಿತ್ರಗಳ ಸಾಲು. ಉನ್ನತ ಶ್ರೇಣಿಯಲ್ಲಿ ಉತ್ತೀರ್ಣರಾದ ವಿದ್ಯಾರ್ಥಿಗಳು, ಅಧಿಕಾರ ಪದವಿಗೇರಿದ ಹಳೆಯ ವಿದ್ಯಾರ್ಥಿಗಳು, ಕೊಠಡಿ ಕಟ್ಟಿಸಿಕೊಟ್ಟ ದಾನಿಗಳು, ಆಡಳಿತ ಮಂಡಳಿಯ ಸದಸ್ಯರು, ಹೀಗೆ ಪುಟಗಳು ತುಂಬುತ್ತವೆ. ಅದು ಉಚಿತವೇ ಸರಿ. ಆದರೆ ಇಂದು ಸೂಟು ಧರಿಸಿ ನಿಂತಿರುವ ಆ ಹಳೆಯ ವಿದ್ಯಾರ್ಥಿ ಒಂದು ಕಾಲಕ್ಕೆ ಹರಕು ಚೀಲ ಹೊತ್ತು ಬಂದು ತರಗತಿಯ ಹಿಂದಿನ ಸಾಲಿನಲ್ಲಿ ಮೂಕನಂತೆ ಕುಳಿತಿದ್ದಾಗ, ಇವನಲ್ಲಿ ಏನೋ ಇದೆ ಎಂದು ಮೊದಲು ಕಂಡುಕೊಂಡವರು ಯಾರು? ಅವರ ಭಾವಚಿತ್ರ ಯಾವ ಪುಟದಲ್ಲಿಯೂ ಅಚ್ಚಾಗುವುದಿಲ್ಲ. ಎಷ್ಟೋ ವೇಳೆ ಆ ಉಪಾಧ್ಯಾಯರಿಗೇ ಅದು ನೆನಪಿರುವುದಿಲ್ಲ.

ಪ್ರತಿಭೆಯನ್ನು ಹೊಗಳುವುದು ಸುಲಭ, ಕಂಡುಹಿಡಿಯುವುದು ಕಷ್ಟ. ಹೊಗಳುವ ಹೊತ್ತಿಗೆ ಅದು ಎಲ್ಲರ ಕಣ್ಣಿಗೂ ಬಿದ್ದಿರುತ್ತದೆ. ಕಂಡುಹಿಡಿಯಬೇಕಾದಾಗ ಅದು ಇನ್ನೂ ಅಂಜಿಕೆಯ, ಬಡತನದ, ಕೆಲವೊಮ್ಮೆ ತುಂಟತನದ ಮರೆಯಲ್ಲಿ ಅಡಗಿರುತ್ತದೆ. ಪರೀಕ್ಷೆ ಎಂಬ ಪದವನ್ನು ಬಿಡಿಸಿ ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. 'ಪರಿ' ಎಂದರೆ ಸುತ್ತಲೂ. 'ಈಕ್ಷ್' ಧಾತುವಿಗೆ ನೋಡುವುದು ಎಂದರ್ಥ. ಎರಡೂ ಸವರ್ಣದೀರ್ಘವಾಗಿ ಕೂಡಿದರೆ ಪರೀಕ್ಷೆ, ಅಂದರೆ ಸುತ್ತಲೂ ತಿರುಗಿ ನೋಡುವಿಕೆ. ರತ್ನಪರೀಕ್ಷೆ, ಅಶ್ವಪರೀಕ್ಷೆ ಎಂದು ಹಿಂದಿನವರು ಶಾಸ್ತ್ರಗಳನ್ನೇ ಬೆಳೆಸಿದ್ದು ಈ ಅರ್ಥದಲ್ಲಿ. ರತ್ನವನ್ನು ಒಂದೇ ಮಗ್ಗುಲಿಂದ ನೋಡಿ ಬೆಲೆ ಕಟ್ಟುವವನನ್ನು ಯಾರೂ ನಂಬುತ್ತಿರಲಿಲ್ಲ. ಮೂರು ಗಂಟೆಗಳ ಕಾಲ ಕಾಗದದ ಮೇಲೆ ಬರೆಯಿಸಿ ಅಂಕ ಹಾಕುವ ವ್ಯವಹಾರಕ್ಕೆ ಈ ಘನವಾದ ಪದ ಅಂಟಿಕೊಂಡದ್ದು ಈಚಿನ ಕಾಲದ ಮಾತು. ಅಂಟಿಕೊಂಡ ಮೇಲೆ ಮೂಲಾರ್ಥವು ಮರೆತೇಹೋಯಿತು.

ಆ ಮೂಲಾರ್ಥದ ಪರೀಕ್ಷೆಯನ್ನೇ ವೃತ್ತಿಯಾಗಿ ಮಾಡಿಕೊಂಡು ಲೋಕಪ್ರಸಿದ್ಧನಾದವನೊಬ್ಬನು ಪಂಡಿತನೂ ಅಲ್ಲ, ಉಪಾಧ್ಯಾಯನೂ ಅಲ್ಲ. ಸ್ಪೇನ್ ದೇಶದ ಒಬ್ಬ ಮಾಜಿ ಕಾಲ್ಚೆಂಡಾಟಗಾರ. ಮಠದ ಶಾಲೆಯ ಸಂಚಿಕೆಯಲ್ಲಿ ಕಾಲ್ಚೆಂಡಿನ ಮಾತೇಕೆ ಎಂದು ಹುಬ್ಬೇರಿಸುವವರು ಇರಬಹುದು. ಉಪಾಧ್ಯಾಯರ ಕಸುಬಿನ ಅರ್ಧ ಭಾಗವನ್ನು ಈತ ಬೇರೊಂದು ಅಂಗಳದಲ್ಲಿ ಮಾಡಿ ತೋರಿಸಿರುವುದರಿಂದ ಇದು ಪರಕೀಯ ವಿಷಯವಲ್ಲ.

ಈತನ ಪೂರ್ಣ ಹೆಸರು ರಮೋನ್ ರೋಡ್ರಿಗೆಸ್ ವೆರ್ದೇಹೊ. ಎಲ್ಲರೂ ಕರೆಯುವುದು ಮೊಂಚಿ ಎಂದು. ಹುಟ್ಟಿದ್ದು 1968ರಲ್ಲಿ, ಸ್ಪೇನಿನ ದಕ್ಷಿಣದ ಆಂದಲೂಸಿಯಾ ಪ್ರಾಂತದಲ್ಲಿ, ಕಾದಿಸ್ ಕೊಲ್ಲಿಯ ಮಗ್ಗುಲಿಗಿರುವ ಸಾನ್ ಫೆರ್ನಾಂಡೊ ಎಂಬ ಊರಿನಲ್ಲಿ. ಅದೇ ಪ್ರಾಂತದ ಮುಖ್ಯ ನಗರವಾದ ಸೆವಿಯಾದ ಕಾಲ್ಚೆಂಡಿನ ಸಂಘವನ್ನು ಸೇರಿ (ಪತ್ರಿಕೆಗಳಲ್ಲಿ ಸೆವಿಲ್ಲಾ ಎಂದು ಕಾಣುವುದು ಇದೇ ಊರು) 1990ರಿಂದ 1999ರವರೆಗೆ ಅದರ ಮುಖ್ಯ ತಂಡದಲ್ಲಿ ಗೋಲ್‌ಕೀಪರ್ ಆಗಿದ್ದನು. ಆಗಿದ್ದನು ಎಂಬುದಕ್ಕಿಂತ ಕಾದು ಕುಳಿತಿದ್ದನು ಎಂಬುದೇ ಹೆಚ್ಚು ಸರಿ. ಗೋಲಿನ ಮುಂದೆ ನಿಲ್ಲುವವನು ಒಬ್ಬನೇ. ಎರಡನೆಯವನಿಗೆ ಅಂಗಳದ ಅಂಚಿನ ಬೆಂಚೇ ಗತಿ. ಉನ್ಸುವೆ ಎಂಬ ಸಮರ್ಥನಾದ ಗೋಲ್‌ಕೀಪರ್ ಬಹುಕಾಲ ಮೊದಲಿಗನಾಗಿದ್ದುದರಿಂದ ಮೊಂಚಿಗೆ ಒಂಬತ್ತು ಋತುಗಳಲ್ಲಿ ದೊರೆತ ಲೀಗ್ ಪಂದ್ಯಗಳು ಒಟ್ಟು 85. ಒಂದು ಋತುವಿಗೆ 38ಕ್ಕೆ ಕಡಿಮೆಯಿಲ್ಲದಷ್ಟು ಪಂದ್ಯಗಳು ನಡೆಯುವ ಲೀಗಿನಲ್ಲಿ ಇದು ಎಷ್ಟು ಅಲ್ಪವೆಂಬುದನ್ನು ಲೆಕ್ಕ ಹಾಕಿ ಹೇಳಬೇಕಾಗಿಲ್ಲ. 1992-93ರಲ್ಲಿ ಮರಡೋನಾ ಅಂಥವನೇ ಆ ತಂಡಕ್ಕೆ ಬಂದು ಒಂದು ಋತು ಆಡಿಹೋದಾಗಲೂ ಈತ ಇದ್ದುದು ಅಲ್ಲಿಯೇ.

ಬೆಂಚಿನ ಮೇಲೆ ಕುಳಿತವನಿಗೆ ನೋಡುವುದಲ್ಲದೆ ಬೇರೆ ಕೆಲಸವಿಲ್ಲ. ಆಡುವವನ ದೃಷ್ಟಿ ಚೆಂಡಿನ ಮೇಲಿರುತ್ತದೆ; ಪ್ರೇಕ್ಷಕನ ದೃಷ್ಟಿ ಗೋಲಿನ ಮೇಲಿರುತ್ತದೆ. ಇಬ್ಬರ ನಡುವೆ ಕುಳಿತವನು ಮಾತ್ರ ಚೆಂಡಿಲ್ಲದ ಆಟಗಾರ ಎಲ್ಲಿ ನಿಂತಿದ್ದಾನೆ, ಸೋಲುವಾಗ ಯಾರ ಹೆಗಲು ಇಳಿಯುತ್ತದೆ, ಯಾರು ತಪ್ಪಿದ ಗೆಳೆಯನನ್ನು ಬೈಯುತ್ತಾರೆ, ಯಾರು ಸುಮ್ಮನೆ ಓಡಿಹೋಗಿ ಆ ತಪ್ಪನ್ನು ತುಂಬುತ್ತಾರೆ ಎಂಬುದನ್ನು ಕಾಣಬಲ್ಲನು. ಮೊಂಚಿಯ ಕಣ್ಣು ಹದಗೊಂಡದ್ದು ಆ ಬೆಂಚಿನ ಮೇಲೆಯೇ ಎಂದು ಊಹಿಸಿದರೆ ತಪ್ಪಾಗಲಾರದು. ಮಹಾಪ್ರತಿಭಾವಂತರು ಒಳ್ಳೆಯ ಗುರುಗಳಾಗುವುದು ಅಪರೂಪ, ಅವರಿಗೆ ಎಲ್ಲವೂ ಸಹಜವಾಗಿ ಬಂದಿರುತ್ತದೆ; ಕಷ್ಟಪಟ್ಟು ಕಲಿತ ಸಾಧಾರಣನಿಗೆ ಕಲಿಕೆಯ ಮೆಟ್ಟಿಲುಗಳು ಒಂದೊಂದೂ ಗೊತ್ತು. ಇದು ಪಾಠಶಾಲೆಗಳಲ್ಲಿ ದಿನವೂ ಕಾಣುವ ಸಂಗತಿ.

1999ರಲ್ಲಿ ಆಟಕ್ಕೆ ವಿದಾಯ ಹೇಳಿದ ಮೊಂಚಿಯನ್ನು ಮರುವರ್ಷ ಸಂಘವು ತನ್ನ ಕ್ರೀಡಾ ನಿರ್ದೇಶಕನನ್ನಾಗಿ ನೇಮಿಸಿತು. ಆ ಕಾಲಕ್ಕೆ ಸಂಘದ ಸ್ಥಿತಿ ಶೋಚನೀಯವಾಗಿತ್ತು. ಲೀಗಿನಲ್ಲಿ ಕಟ್ಟಕಡೆಯ ಸ್ಥಾನಕ್ಕಿಳಿದು ಎರಡನೆಯ ದರ್ಜೆಗೆ ಬಿದ್ದಿತ್ತು, ಬೊಕ್ಕಸ ಬರಿದಾಗಿತ್ತು, ಕೊನೆಯ ದೊಡ್ಡ ಪ್ರಶಸ್ತಿ ಗೆದ್ದು ಅರ್ಧ ಶತಮಾನ ಕಳೆದಿತ್ತು, ಅದು 1948ರ ಸ್ಪೇನ್ ಕಪ್. ಕ್ರೀಡಾ ನಿರ್ದೇಶಕನ ಕೆಲಸವೇನೆಂಬುದನ್ನು ಇಲ್ಲಿ ಹೇಳಬೇಕು. ಕೋಚ್ ಎಂಬವನು ಕೈಗೆ ಬಂದ ಆಟಗಾರರನ್ನು ತಿದ್ದಿ ಆಡಿಸುತ್ತಾನೆ. ಯಾರನ್ನು ತರಬೇಕು, ಯಾರನ್ನು ಕಳಿಸಬೇಕು, ಯಾವ ಎಳೆಯನಿಗಾಗಿ ಇನ್ನೆರಡು ವರ್ಷ ಕಾಯಬೇಕು ಎಂಬುದನ್ನು ನಿರ್ಧರಿಸುವವನು ನಿರ್ದೇಶಕ. ಸೋತರೆ ಕೋಚ್ ಮನೆಗೆ ಹೋಗುತ್ತಾನೆ, ಇನ್ನೊಬ್ಬ ಬರುತ್ತಾನೆ; ನಿರ್ದೇಶಕನ ದೃಷ್ಟಿ ಮಾತ್ರ ಋತುವಿನಿಂದ ಋತುವಿಗೆ ಮುಂದುವರಿಯಬೇಕು.

ಹಣವಿಲ್ಲದವನು ಹೆಸರಾದವರನ್ನು ಕೊಳ್ಳಲಾರ. ಹೆಸರಾಗುವ ಮೊದಲೇ ಕಂಡುಕೊಳ್ಳಬೇಕು. ಅದಕ್ಕಾಗಿ ಮೊಂಚಿ ರೂಪಿಸಿದ ಕ್ರಮವು ಮನನೀಯವಾದುದು. ಸಹಾಯಕರು ಬೇರೆ ಬೇರೆ ದೇಶಗಳ ಲೀಗುಗಳನ್ನು ಹಂಚಿಕೊಂಡು ಋತುವಿನ ಮೊದಲ ಐದು ತಿಂಗಳು ಪಂದ್ಯಗಳನ್ನು ನೋಡುತ್ತಾರೆ. ಆಗ ಇಂಥವನೇ ಬೇಕೆಂಬ ಗುರಿಯಿರುವುದಿಲ್ಲ, ಸುಮ್ಮನೆ ನೋಡಿ ಬರೆದಿಡುವುದಷ್ಟೇ. ಪ್ರತಿ ತಿಂಗಳೂ ಪ್ರತಿಯೊಂದು ಲೀಗಿನಿಂದ ತಮಗೆ ಮೆಚ್ಚುಗೆಯಾದ ಹನ್ನೊಂದು ಮಂದಿಯ ಪಟ್ಟಿ ಸಿದ್ಧವಾಗುತ್ತದೆ. ಡಿಸೆಂಬರ್ ಬಂದಾಗ ಮತ್ತೆ ಮತ್ತೆ ಪಟ್ಟಿಗೆ ಬಂದ ಹೆಸರುಗಳನ್ನು ಆರಿಸಿ, ಆ ಆಟಗಾರರನ್ನು ಭಿನ್ನ ಭಿನ್ನ ಸಂದರ್ಭಗಳಲ್ಲಿ ನೋಡಲಾಗುತ್ತದೆ: ತವರಿನ ಅಂಗಳದಲ್ಲಿ, ಪರ ಊರಿನಲ್ಲಿ, ದೇಶದ ತಂಡಕ್ಕಾಗಿ ಆಡುವಾಗ. ಒಂದು ದಿನದ ಮಿಂಚಿಗೆ ಮರುಳಾಗಬಾರದು, ಒಂದು ದಿನದ ಸೋಲಿಗೆ ಕೈಬಿಡಬಾರದು ಎಂಬುದೇ ಇದರ ತಿರುಳು. ಪರಿ ಎಂಬ ಉಪಸರ್ಗಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನ ದೊರೆಯುವುದು ಕಷ್ಟ. ಮೊದಲು ಗುರಿಯಿಲ್ಲದೆ ನೋಡುವುದು ಎಂಬ ಅಂಶವಂತೂ ವಿಶೇಷವಾಗಿ ಗಮನಾರ್ಹ. ಬೇಕಾದುದನ್ನೇ ಹುಡುಕಿಕೊಂಡು ಹೋದವನಿಗೆ ಬೇಕಾದುದಷ್ಟೇ ಕಾಣುತ್ತದೆ, ಇರುವುದು ಕಾಣುವುದಿಲ್ಲ.

ಈ ಶೋಧದ ಫಲ ಬಗೆಬಗೆಯದು. ಕೊಲಂಬಿಯಾ ದೇಶದ ಕಾರ್ಲೋಸ್ ಬಾಕ್ಕಾ ಇಪ್ಪತ್ತರ ಹರೆಯದಲ್ಲಿ ಬಸ್ಸಿನಲ್ಲಿ ಚಾಲಕನ ಸಹಾಯಕನಾಗಿ ದುಡಿಯುತ್ತಿದ್ದವನು. ತಡವಾಗಿ ಬೆಳಕಿಗೆ ಬಂದು ಬೆಲ್ಜಿಯಮ್ಮಿನಲ್ಲಿ ಆಡುತ್ತಿದ್ದವನನ್ನು 2013ರಲ್ಲಿ ಸೆವಿಯಾಕ್ಕೆ ತರಲಾಯಿತು. 2015ರಲ್ಲಿ ವಾರ್ಸಾ ನಗರದಲ್ಲಿ ನಡೆದ ಯೂರೋಪಾ ಲೀಗಿನ ಅಂತಿಮ ಪಂದ್ಯದಲ್ಲಿ ತಂಡದ ಮೂರು ಗೋಲುಗಳಲ್ಲಿ ಎರಡು ಅವನವು. 2011ರ ಆರಂಭದಲ್ಲಿ ಜರ್ಮನಿಯಿಂದ ಅಲ್ಪ ಬೆಲೆಗೆ ಬಂದ ಇವಾನ್ ರಾಕಿಟಿಚ್ ನಾಯಕನಾಗಿ 2014ರ ಕಪ್ ಎತ್ತಿ ಹಿಡಿದು ಬಾರ್ಸಿಲೋನಾಕ್ಕೆ ಹೋದನು. ತಪ್ಪುಗಳೂ ಆದವು. 2007ರಲ್ಲಿ ದೊಡ್ಡ ಮೊತ್ತ ತೆತ್ತು ತಂದ ಅರೂನಾ ಕೊನೆ ಎಂಬ ಆಟಗಾರನಿಂದ ಬೆಲೆಗೆ ತಕ್ಕ ಫಲ ಬರಲೇ ಇಲ್ಲ. ಎಂಥ ಕಣ್ಣಿಗೂ ಒಮ್ಮೊಮ್ಮೆ ಮಂಜು ಕವಿಯುತ್ತದೆ.

2005ರ ಸಂಗತಿಯೊಂದನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕು. ಸೆವಿಯಾದ ನೆರೆಯ ಕಾಮಾಸ್ ಎಂಬ ಊರಿನ ಹುಡುಗ, ಸಂಘದ ಎಳೆಯರ ಶಾಲೆಯಲ್ಲಿಯೇ ಬೆಳೆದ ಸೆರ್ಜಿಯೊ ರಾಮೋಸ್, ಹತ್ತೊಂಬತ್ತನೆಯ ವಯಸ್ಸಿನಲ್ಲಿ ಸುಮಾರು 2 ಕೋಟಿ 70 ಲಕ್ಷ ಯೂರೋಗಳಿಗೆ ರಿಯಲ್ ಮ್ಯಾಡ್ರಿಡ್ ಸಂಘದ ಪಾಲಾದನು. ಊರಿನ ಅಭಿಮಾನಿಗಳಿಗೆ ಅದು ಮನೆಯ ಮಗನನ್ನು ಮಾರಿದಂತೆ ತೋರಿತು. ಅದೇ ವರ್ಷ ಸೆವಿಯಾಕ್ಕೆ ಮೂವರು ಬಂದಿದ್ದರು: ಪೋರ್ಚುಗಲ್ಲಿನಲ್ಲಿ ಮಂಕಾಗಿದ್ದ ಬ್ರೆಜಿಲಿನ ಲೂಯಿಸ್ ಫ್ಯಾಬಿಯಾನೊ, ಇಟಲಿಯ ಎಂಜೊ ಮರೆಸ್ಕಾ, ಇಂಗ್ಲೆಂಡಿನಿಂದ ಬಂದ ಫ್ರೆಡರಿಕ್ ಕನೂಟೆ. ಮೂವರಲ್ಲಿ ಯಾರೂ ಆಗ ಮುಖಪುಟದ ಹೆಸರುಗಳಲ್ಲ. 2006ರ ಮೇ 10ರಂದು ಐಂಡ್‌ಹೋವನ್ ನಗರದಲ್ಲಿ ಸೆವಿಯಾ ತನ್ನ ಮೊದಲ ಯೂರೋಪಿನ ಪ್ರಶಸ್ತಿಯಾದ ಯುಇಎಫ್ಎ ಕಪ್ಪನ್ನು 4-0 ಅಂತರದಿಂದ ಗೆದ್ದಿತು. ನಾಲ್ಕು ಗೋಲುಗಳನ್ನೂ ಹೊಡೆದವರು ಈ ಮೂವರೇ. ಅಲ್ಲಿಂದ ಮುಂದೆ 2007, 2014, 2015, 2016, 2020, 2023, ಹೀಗೆ ಒಟ್ಟು ಏಳು ಸಲ ಆ ಪ್ರಶಸ್ತಿ ಸೆವಿಯಾದ ಪಾಲಾಯಿತು. ಏಳು ಸಲವೂ ಕ್ರೀಡಾ ನಿರ್ದೇಶಕನ ಕುರ್ಚಿಯಲ್ಲಿದ್ದವನು ಮೊಂಚಿ. ಕೋಚ್‌ಗಳು ಮಾತ್ರ ಬದಲಾಗುತ್ತ ಹೋದರು.

ಇಷ್ಟೆಲ್ಲ ಗೆಲುವುಗಳಿಗಿಂತ ಉಪಾಧ್ಯಾಯರ ಮನಸ್ಸಿಗೆ ಹತ್ತಿರವಾಗುವುದು ಒಬ್ಬ ಹುಡುಗನ ವೃತ್ತಾಂತ. ಇದನ್ನು ಮೊಂಚಿಯೊಬ್ಬನ ಲೆಕ್ಕಕ್ಕೇ ಬರೆಯುವುದು ನ್ಯಾಯವಲ್ಲ. ಸಂಘದ ಎಳೆಯರ ಶಾಲೆಯನ್ನು ನೋಡಿಕೊಂಡವನು ಪಾಬ್ಲೊ ಬ್ಲಾಂಕೊ ಎಂಬ ಮತ್ತೊಬ್ಬ ಮಾಜಿ ಆಟಗಾರ. ಮೊಂಚಿಗೆ ಬಂದಷ್ಟು ಹೆಸರು ಅವನಿಗೆ ಬರಲಿಲ್ಲ. ಸೆವಿಯಾಕ್ಕೆ ಸಮೀಪದ ಲೋಸ್ ಪಲಾಸಿಯೋಸ್ ಎಂಬ ಊರಿನಿಂದ ಹೆಸೂಸ್ ನವಾಸ್ ಎಂಬ ತೆಳ್ಳನೆಯ ಬಾಲಕ ಹದಿನೈದನೆಯ ವಯಸ್ಸಿಗೆ ಆ ಶಾಲೆಯನ್ನು ಸೇರಿದನು. ಓಟದಲ್ಲಿ ಗಾಳಿ, ಸ್ವಭಾವದಲ್ಲಿ ಮೂಗನೆನ್ನುವಷ್ಟು ಸಂಕೋಚ. ಮುಖ್ಯ ತಂಡಕ್ಕೆ ಬಂದ ಮೇಲೆ ಒಂದು ತೊಂದರೆ ಬಯಲಾಯಿತು: ಈ ಹುಡುಗ ಮನೆಯನ್ನು ಬಿಟ್ಟು ಬಹುದಿನ ಇರಲಾರ. ಋತುವಿಗೆ ಮೊದಲು ದೂರದೂರಿನಲ್ಲಿ ನಡೆಯುವ ತರಬೇತಿ ಶಿಬಿರಕ್ಕೆ ಹೋದರೆ ಎದೆ ಹೊಡೆದುಕೊಂಡು ದಿಗಿಲು ಆವರಿಸಿ, ಶಿಬಿರದ ನಡುವೆಯೇ ಊರಿಗೆ ಮರಳಬೇಕಾಗುತ್ತಿತ್ತು. ಇದು ಸೋಗಲ್ಲ, ಮನಸ್ಸಿನ ನಿಜವಾದ ಬೇನೆ. ದೇಶದ ತಂಡದ ಬಾಗಿಲೂ ಈ ಕಾರಣದಿಂದಲೇ ಬಹುಕಾಲ ಅವನಿಗೆ ದೂರವಾಗಿ ಉಳಿಯಿತು.

ಕೋಟಿಗಟ್ಟಲೆ ಹಣದ ವ್ಯವಹಾರವಿರುವ ವೃತ್ತಿಯಲ್ಲಿ ಇಂಥವನನ್ನು 'ದುರ್ಬಲ' ಎಂದು ಒಂದು ಗೆರೆ ಎಳೆದು ಬದಿಗೊತ್ತುವುದು ಎಷ್ಟು ಸುಲಭವಾಗಿತ್ತು! ಸಂಘವು ಹಾಗೆ ಮಾಡಲಿಲ್ಲ. ತವರಿನ ಅಂಗಳದಲ್ಲಿ ಅವನು ಏನೆಂಬುದನ್ನು ಕಂಡಿತ್ತು. ಹೊರಗಿನ ದಿಗಿಲನ್ನು ಅವನ ಗುಣದ ಅಳತೆಯೆಂದು ಬಗೆಯಲಿಲ್ಲ. ಚಿಕಿತ್ಸೆಗೂ ಕಾಲಕ್ಕೂ ಎಡೆಕೊಟ್ಟಿತು. 2009ರ ನವೆಂಬರಿನಲ್ಲಿ ನವಾಸ್ ಸ್ಪೇನ್ ದೇಶದ ತಂಡಕ್ಕೆ ಮೊದಲ ಬಾರಿ ಆಡಿದನು. ಮರುವರ್ಷ ವಿಶ್ವಕಪ್ಪಿಗಾಗಿ ದಕ್ಷಿಣ ಆಫ್ರಿಕಾಕ್ಕೆ ಹೋದನು. ಮನೆಯಿಂದ ಸಾವಿರಾರು ಮೈಲಿ, ವಾರಗಟ್ಟಲೆ. ಜೊಹಾನೆಸ್‌ಬರ್ಗಿನ ಅಂತಿಮ ಪಂದ್ಯದ ಹೆಚ್ಚುವರಿ ಅವಧಿಯಲ್ಲಿ ಇನಿಯೆಸ್ಟಾ ಹೊಡೆದ ಏಕೈಕ ಗೋಲನ್ನು ಲೋಕವೆಲ್ಲ ನೆನೆಯುತ್ತದೆ. ಆ ಗೋಲಿನ ಮೊದಲ ಹೆಜ್ಜೆ ತನ್ನ ಅರ್ಧದಿಂದ ಚೆಂಡನ್ನು ಕಾಲಲ್ಲಿಟ್ಟುಕೊಂಡು ಎದುರಾಳಿಗಳ ನಡುವೆ ಓಡಿದ ನವಾಸನದು. 2013ರಲ್ಲಿ ಇಂಗ್ಲೆಂಡಿಗೂ ಹೋಗಿ ನಾಲ್ಕು ವರ್ಷ ಇದ್ದು, 2017ರಲ್ಲಿ ತವರಿಗೆ ಮರಳಿ, 2020 ಮತ್ತು 2023ರ ಕಪ್ಪುಗಳನ್ನು ನಾಯಕನಾಗಿ ಗೆದ್ದು, 2024ರ ಕೊನೆಯಲ್ಲಿ ಆಟದಿಂದ ನಿವೃತ್ತನಾದನು.

ಅದೇ ಶಾಲೆಯಲ್ಲಿ ಬೆಳೆದ ಆಂತೋನಿಯೊ ಪುಯೆರ್ಟಾ ಎಂಬ ಹುಡುಗನನ್ನು ನೆನೆಯದೆ ಮುಂದೆ ಹೋಗಲಾಗದು. 2006ರ ಏಪ್ರಿಲಿನಲ್ಲಿ ಸೆಮಿಫೈನಲ್ ಪಂದ್ಯದ ಹೆಚ್ಚುವರಿ ಅವಧಿಯಲ್ಲಿ ಗೋಲು ಹೊಡೆದು ಸೆವಿಯಾವನ್ನು ಮೊದಲ ಬಾರಿಗೆ ಯೂರೋಪಿನ ಅಂತಿಮ ಪಂದ್ಯಕ್ಕೆ ಮುಟ್ಟಿಸಿದವನು ಅವನೇ. 2007ರ ಆಗಸ್ಟಿನಲ್ಲಿ ಪಂದ್ಯದ ನಡುವೆ ಕುಸಿದು, ಮೂರು ದಿನಗಳ ಬಳಿಕ ಇಪ್ಪತ್ತೆರಡನೆಯ ವಯಸ್ಸಿನಲ್ಲಿ ತೀರಿಕೊಂಡನು. ಪ್ರತಿಭೆಯನ್ನು ಕಂಡ ಮಾತ್ರಕ್ಕೆ ಅದನ್ನು ಕಾಪಾಡುವ ಶಕ್ತಿ ಮನುಷ್ಯನಿಗೆ ಬರುವುದಿಲ್ಲ.

2017ರಲ್ಲಿ ಮೊಂಚಿ ಸೆವಿಯಾವನ್ನು ಬಿಟ್ಟು ಇಟಲಿಯ ರೋಮಾ ಸಂಘಕ್ಕೆ ಹೋದನು. ಅದೇ ಕಣ್ಣು, ಅದೇ ಕ್ರಮ, ಕೈಯಲ್ಲಿ ಹೆಚ್ಚಿನ ಹಣ. ಆದರೂ ಹೆಸರಾಂತ ಆಟಗಾರರು ಮಾರಾಟವಾದರು, ಅವರ ಎಡೆಗೆ ತಂದವರಲ್ಲಿ ಹಲವರು ಬೇರೂರಲಿಲ್ಲ. ಎರಡು ವರ್ಷ ತುಂಬುವ ಮೊದಲೇ, 2019ರ ಮಾರ್ಚಿಯಲ್ಲಿ, ಅಲ್ಲಿಂದ ಹೊರಟು ಸೆವಿಯಾಕ್ಕೆ ಮರಳಿದನು. 2023ರಲ್ಲಿ ಬುಡಾಪೆಸ್ಟ್ ನಗರದಲ್ಲಿ ಸೆವಿಯಾ ಏಳನೆಯ ಸಲ ಗೆದ್ದದ್ದು ಅದೇ ರೋಮಾ ತಂಡವನ್ನು ಸೋಲಿಸಿ ಎಂಬುದು ವಿಧಿಯ ವಿನೋದ. ಬಳಿಕ ಇಂಗ್ಲೆಂಡಿನ ಆ್ಯಸ್ಟನ್ ವಿಲಾ ಸಂಘದಲ್ಲಿ 2025ರವರೆಗೆ ದುಡಿದನು. ರೋಮಾದ ಸೋಲಿಗೆ ಕಾರಣಗಳು ಹಲವಿರಬಹುದು. ಒಂದಂತೂ ತೋರುತ್ತದೆ: ಬಂದ ಬಾಲಕನನ್ನು ನೋಡಿದರೆ ಸಾಲದು, ಅವನನ್ನು ನೆಡುವ ಮಣ್ಣನ್ನೂ ಬಲ್ಲವನಾಗಿರಬೇಕು. ಸೆವಿಯಾದ ಮಣ್ಣು ಮೊಂಚಿಗೆ ಹತ್ತಾರು ವರ್ಷಗಳ ಪರಿಚಯದ್ದು.

ಈ ಹೋಲಿಕೆಯನ್ನು ಎಲ್ಲಿಯವರೆಗೆ ಎಳೆಯಬಹುದು ಎಂಬ ಪ್ರಶ್ನೆ ಏಳುತ್ತದೆ. ಮನುಷ್ಯರಿಗೆ ಬೆಲೆ ಕಟ್ಟಿ ಕೊಂಡು ಮಾರುವ ಮಾತು ಮಠದ ಶಾಲೆಯ ಪುಟದಲ್ಲಿ ಕಿವಿಗೆ ಕಟುವಾಗಿಯೇ ಕೇಳುತ್ತದೆ. ಅದಕ್ಕಿಂತ ಆಳವಾದ ವ್ಯತ್ಯಾಸವೂ ಒಂದುಂಟು. ಸಂಘವು ಸಾವಿರ ಬಾಲಕರನ್ನು ನೋಡಿ ಒಬ್ಬನನ್ನು ಆರಿಸುತ್ತದೆ. ಉಳಿದ ಒಂಬೈನೂರ ತೊಂಬತ್ತೊಂಬತ್ತು ಮಂದಿಯ ಗತಿ ಅದರ ಚಿಂತೆಯಲ್ಲ. ದಾಸೋಹದ ಪಂಕ್ತಿಯಲ್ಲಿ ಕುಳಿತ ಎಲ್ಲರಿಗೂ ಎಲೆ ಹಾಕಬೇಕಾದ ಸಂಸ್ಥೆಗೆ ಆ ಸ್ವಾತಂತ್ರ್ಯವಿಲ್ಲ. ಇಲ್ಲಿ ಶೋಧವೆಂದರೆ ಸಾವಿರದಲ್ಲಿ ಒಬ್ಬನನ್ನು ಹೆಕ್ಕುವುದಲ್ಲ. ಸಾವಿರ ಮಂದಿಯಲ್ಲಿ ಒಬ್ಬೊಬ್ಬನೊಳಗೂ ಇರುವುದು ಏನೆಂದು ಕಾಣುವುದು. ಮೊಂಚಿಯದಕ್ಕಿಂತ ಇದು ಕಠಿನವಾದ ಕೆಲಸ. ಇದಕ್ಕೆ ಸಂಬಳವೂ ಕಡಿಮೆ.

ಕನ್ನಡ ನಾಡಿನ ಮಠಗಳಿಗೆ ಈ ಕಣ್ಣು ಹೊಸದೇನಲ್ಲ. ಹಾನಗಲ್ಲ ಶ್ರೀ ಕುಮಾರ ಮಹಾಸ್ವಾಮಿಗಳು ಅಂಧ ಬಾಲಕನಾಗಿದ್ದ ಗದಿಗೆಯ್ಯನನ್ನು ಕಂಡಾಗ ಕುರುಡನ್ನಷ್ಟೇ ಕಂಡಿದ್ದರೆ ಒಂದು ಹೊತ್ತಿನ ಪ್ರಸಾದ ನೀಡಿ ಕಳಿಸುತ್ತಿದ್ದರು. ಅವರು ಕಂಡದ್ದು ಕಂಠವನ್ನು. ಸಂಗೀತ ವಿದ್ಯೆ ಕೊಡಿಸಿದರು. ಆ ಬಾಲಕನೇ ಪಂಚಾಕ್ಷರಿ ಗವಾಯಿಗಳಾಗಿ ಬೆಳೆದು, ಮತ್ತೊಬ್ಬ ಅಂಧ ಬಾಲಕನನ್ನು ಕೈಹಿಡಿದು ಪುಟ್ಟರಾಜ ಗವಾಯಿಗಳನ್ನಾಗಿ ಮಾಡಿದರು. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಕೀರ್ತಿಗೆ ಮೂಲ ಈ ಎರಡು ನೋಟಗಳು. ಎರಡನೆಯ ನೋಟವಂತೂ ಕಣ್ಣಿನಿಂದ ಆದುದೇ ಅಲ್ಲ.

ಈಚೆಗೆ ನಡೆಯುತ್ತಿರುವುದೇನು? ಮಠಗಳ ಆಶ್ರಯದ ಶಾಲೆಗಳಲ್ಲಿಯೂ ಪ್ರವೇಶ ಪರೀಕ್ಷೆಯ ಪದ್ಧತಿ ಬಲವಾಗುತ್ತಿದೆ. ಶೇಕಡ ತೊಂಬತ್ತು ಅಂಕ ತಂದವನನ್ನು ಸೇರಿಸಿಕೊಂಡು, ಅವನು ಮುಂದೆ ತೊಂಬತ್ತೈದು ಪಡೆದರೆ ಶಾಲೆಯ ಹೆಬ್ಬಾಗಿಲಿಗೆ ಬಟ್ಟೆಯ ಫಲಕ ಕಟ್ಟಲಾಗುತ್ತದೆ. ಸಿದ್ಧವಾದ ನಕ್ಷತ್ರವನ್ನು ಹಣವುಳ್ಳ ಸಂಘ ಕೊಂಡು ತರುವುದಕ್ಕೂ ಇದಕ್ಕೂ ಏನು ಭೇದ? ಇದರಲ್ಲಿ ಶಾಲೆ ಕಂಡದ್ದೇನು? ದಾನಿಗಳೂ ಫಲಿತಾಂಶದ ಪಟ್ಟಿಯನ್ನೇ ಕೇಳುತ್ತಾರೆ. ಉಪಾಧ್ಯಾಯರನ್ನು ದೂರಿ ಪ್ರಯೋಜನವಿಲ್ಲ. ಗಣಕದಲ್ಲಿ ತುಂಬಬೇಕಾದ ಕೋಷ್ಟಕಗಳು ಅವರ ದಿನದ ಬಹುಭಾಗವನ್ನು ನುಂಗುತ್ತವೆ. ತಲೆಯೆತ್ತಿ ಮಗುವಿನ ಮುಖ ನೋಡಲು ಪುರುಸೊತ್ತಿಲ್ಲದವರಿಂದ ಪರೀಕ್ಷೆಯನ್ನು ಅಪೇಕ್ಷಿಸುವುದು ಹೇಗೆ?

ಮುಂದಿನ ವರ್ಷ ಕೊಠಡಿ ಕಟ್ಟಿಸಲು ಮನಸ್ಸು ಮಾಡಿರುವ ದಾನಿಗಳು ಆ ಹಣದ ಒಂದಂಶದಿಂದ ಗುಮಾಸ್ತರನ್ನು ನೇಮಿಸಿ ಉಪಾಧ್ಯಾಯರನ್ನು ಕೋಷ್ಟಕಗಳಿಂದ ಬಿಡಿಸಿದರೆ ಅದು ಕಲ್ಲುಗಾರೆಗಿಂತ ಹೆಚ್ಚು ಕಾಲ ಬಾಳುವ ದಾನವಾದೀತು. ಉಪಾಧ್ಯಾಯರು ಒಂದು ಟಿಪ್ಪಣಿ ಪುಸ್ತಕವಿಟ್ಟುಕೊಂಡು ತಿಂಗಳಿಗೊಮ್ಮೆ ಗಮನಕ್ಕೆ ಬಂದ ಹನ್ನೊಂದು ಹೆಸರುಗಳನ್ನು ಬರೆಯಲಿ; ತರಗತಿಯಲ್ಲಿ ಕಂಡದ್ದು, ಬಯಲಿನಲ್ಲಿ ಕಂಡದ್ದು, ಅಡಿಗೆಮನೆಯ ಸೇವೆಯಲ್ಲಿ ಕಂಡದ್ದು, ಭಜನೆಯ ಹೊತ್ತಿನಲ್ಲಿ ಕಂಡದ್ದು ಎಲ್ಲವೂ ಸೇರಲಿ. ಡಿಸೆಂಬರಿನಲ್ಲಿ ಎಲ್ಲರೂ ಕುಳಿತು ಪುಸ್ತಕಗಳನ್ನು ಹೋಲಿಸಿ ನೋಡಿದಾಗ, ಯಾವ ಪುಸ್ತಕದಲ್ಲಿಯೂ ಒಮ್ಮೆಯೂ ಬಾರದ ಹೆಸರುಗಳು ಯಾರವೆಂದು ಮೊದಲು ವಿಚಾರಿಸಲಿ. ಸಂಘಕ್ಕೆ ಬೇಕಾದುದು ಮತ್ತೆ ಮತ್ತೆ ಬಂದ ಹೆಸರು. ಶಾಲೆಗೆ ಬೇಕಾದುದು ಬಾರದೇ ಉಳಿದ ಹೆಸರು.

ಜೂನ್ ತಿಂಗಳಿನಲ್ಲಿ ಪ್ರಸಾದ ನಿಲಯಗಳ ಗೇಟಿನ ಬಳಿ ಪ್ರತಿ ವರ್ಷವೂ ಒಂದು ದೃಶ್ಯ ಕಾಣುತ್ತದೆ. ಹಳ್ಳಿಯಿಂದ ಬಂದ ಹುಡುಗ ಟ್ರಂಕಿನ ಮೇಲೆ ಕುಳಿತು, ತಂದೆ ಹತ್ತಿಹೋದ ಬಸ್ಸಿನ ದಾರಿಯನ್ನೇ ನೋಡುತ್ತ ಅಳುತ್ತಿರುತ್ತಾನೆ. ನಾಲ್ಕು ದಿನ ಊಟ ಬಿಡುತ್ತಾನೆ, ಐದನೆಯ ದಿನ ಓಡಿಹೋಗುತ್ತಾನೆ. ಹಾಜರಿ ಪುಸ್ತಕದಲ್ಲಿ ಹೆಸರಿನ ಮೇಲೆ ಕೆಂಪು ಗೆರೆ ಬೀಳುತ್ತದೆ; ಆ ಗೆರೆ ಎಳೆಯುವ ಮುನ್ನ ಯಾರೂ ಅವನ ಊರಿಗೆ ಒಮ್ಮೆ ಹೋಗಿ ಬರುವುದಿಲ್ಲ. ಸೆವಿಯಾ ಸಂಘದ ಎಳೆಯರು ಆಡುವ ಮೈದಾನಕ್ಕೆ 2018ರಲ್ಲಿ ಹೆಸೂಸ್ ನವಾಸನ ಹೆಸರನ್ನಿಟ್ಟರು.